ಓದುಗರ ಪ್ರಶ್ನೆ: ಅಣುಸ್ಥಾವರ ಕಟ್ಟುವಾಗಿನ ಸುರಕ್ಷತೆ

ಪ್ರಶ್ನೆ: ಅಣು ವಿದ್ಯುತ್ ಸ್ಥಾವರಕ್ಕೆ ನಮ್ಮ ಜಿಲ್ಲೆಯಲ್ಲಿ ಜಾಗ ನೋಡುತ್ತಿದ್ದಾರೆ ಎಂಬ ಸುದ್ದಿ ಬಂದಂದಿನಿಂದ ಊರೂರಲ್ಲಿ ಚರ್ಚೆ ನಡೆದಿದೆ. ಎಲ್ಲರೂ ವಿಕಿರಣದ ಮಾತನ್ನೇ ಆಡುತ್ತಾರೆ. ಆದರೆ ಕಟ್ಟುವ ಹಂತದಲ್ಲಿ ಯುರೇನಿಯಂ ಇರುವುದೇ ಇಲ್ಲವಲ್ಲ, ಆಗ ಭಯಪಡುವಂಥದ್ದೇನಿದೆ? (ಓದುಗರೊಬ್ಬರು, ಕೊಪ್ಪಳ)

ಉತ್ತರ: ಇದಕ್ಕೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. ಕಾರವಾರ ತಾಲ್ಲೂಕಿನ ಕೈಗಾದಲ್ಲಿ ಮೊದಲ ಘಟಕವನ್ನು ಇನ್ನೂ ಕಟ್ಟುತ್ತಿದ್ದಾಗ, 1994ರ ಮೇ 13ರಂದು, ಅದರ ಒಳಗುಮ್ಮಟದ ಅಡಿಭಾಗದ ಕಾಂಕ್ರೀಟ್ ಪದರು ಬಿಟ್ಟು ಕೆಳಗೆ ಕುಸಿಯಿತು. ಬಿದ್ದದ್ದು ಸುಮಾರು 130 ಟನ್. ಇಂಧನ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಪ್ರಶ್ನೆ ಏಳಲಿಲ್ಲ. ಆದರೆ ರಿಯಾಕ್ಟರಿನಲ್ಲಿ ದೊಡ್ಡ ಅವಘಡವಾದರೆ ವಿಕಿರಣವನ್ನು ಹೊರಗೆ ಬಿಡದೆ ತಡೆಯಬೇಕಾದ ಗುಮ್ಮಟ ಅದೇ ಆಗಿತ್ತು ಎಂಬುದನ್ನು ಮರೆಯಬಾರದು.

ಕುಸಿತದ ಕಾರಣವನ್ನು ಸ್ವಲ್ಪ ವಿವರವಾಗಿಯೇ ನೋಡೋಣ. ಇಂಥ ಗುಮ್ಮಟದ ಕಾಂಕ್ರೀಟಿನೊಳಗೆ ಕೊಳವೆಗಳನ್ನು ಹುದುಗಿಸಿ, ಅವುಗಳಲ್ಲಿ ಉಕ್ಕಿನ ಕೇಬಲ್‌ಗಳನ್ನು ಹಾಯಿಸಿ, ಕಾಂಕ್ರೀಟ್ ಗಟ್ಟಿಯಾದ ಮೇಲೆ ಅವನ್ನು ಜ್ಯಾಕ್‌ಗಳಿಂದ ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಬಾಗಿದ ಮೈಯಲ್ಲಿ ಹಾದುಹೋದ ಕೇಬಲ್ಲನ್ನು ಎಳೆದಾಗ ಅದು ಕಾಂಕ್ರೀಟನ್ನು ಅದರ ದಪ್ಪದ ದಿಕ್ಕಿನಲ್ಲಿ ಸೀಳಲು ನೋಡುತ್ತದೆ. ಆ ಸೀಳುವ ಬಲವನ್ನು ತಾಳಿಕೊಳ್ಳಲು ಪದರಿನಿಂದ ಪದರಿಗೆ ಅಡ್ಡಲಾಗಿ ಸರಳುಗಳಿರಬೇಕು, ಅವು ಅಲ್ಲಿ ಸಾಕಷ್ಟು ಇರಲಿಲ್ಲ. ಹೀಗಾಗಿ ಕೇಬಲ್ ಬಿಗಿಯುವ ಕೆಲಸ ನಡೆಯುತ್ತಿದ್ದಾಗಲೇ ಪದರು ಕಳಚಿತು. ದೋಷ ಮುಖ್ಯವಾಗಿ ವಿನ್ಯಾಸದ್ದು. ಮೇಸ್ತ್ರಿ ಎಷ್ಟೇ ಶ್ರದ್ಧೆಯಿಂದ ನಕ್ಷೆಯ ಪ್ರಕಾರ ಕೆಲಸ ಮಾಡಿದ್ದರೂ ಅದನ್ನು ಸರಿಪಡಿಸಲು ಸಾಧ್ಯವಿರಲಿಲ್ಲ. ಅಣುಶಕ್ತಿ ನಿಯಂತ್ರಣ ಮಂಡಳಿ ಕೆಲಸ ನಿಲ್ಲಿಸಿತು, ಗುಮ್ಮಟವನ್ನು ಹೊಸದಾಗಿ ವಿನ್ಯಾಸ ಮಾಡಿ ಹೆಚ್ಚು ಬಲದ ಎಂ60 ದರ್ಜೆಯ ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಲಾಯಿತು. ಎರಡೂ ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸುವಷ್ಟರಲ್ಲಿ 2000ನೇ ಇಸವಿ ಬಂದಿತ್ತು. ಅದೇ ಒಂದನೇ ಘಟಕ 2018ರಲ್ಲಿ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತೆಂಬುದೂ ನಿಜ. ಆದರೆ ಈ ದಾಖಲೆಯನ್ನು ಮುಂದೆ ಮಾಡಿ 1994ರ ಪ್ರಶ್ನೆಯನ್ನು ಬದಿಗೆ ಸರಿಸುವುದು ನನಗೆ ಒಪ್ಪಿಗೆಯಾಗದ ವಾದ.

ಪ್ರಶ್ನೆ: ನಾನು ಉಷ್ಣ ವಿದ್ಯುತ್ ಸ್ಥಾವರದ ಸಿವಿಲ್ ಕೆಲಸದಲ್ಲಿ ಸೂಪರ್‌ವೈಸರ್ ಆಗಿದ್ದವನು. ಅಣುಸ್ಥಾವರದ ಕಾಂಕ್ರೀಟ್ ಬೇರೆಯೇ ಇರುತ್ತದೆಯೇ? (ಓದುಗರೊಬ್ಬರು, ಶಕ್ತಿನಗರ, ರಾಯಚೂರು)

ಉತ್ತರ: ಸಿಮೆಂಟು, ಜಲ್ಲಿ, ಮರಳು, ನೀರು ಅವೇ; ಬೇರೆಯಾಗಿರುವುದು ಗುಣಮಟ್ಟದ ಬಿಗಿ. ಮನೆಯ ಛಾವಣಿಗೆ ಎಂ20 ಅಥವಾ ಎಂ25 ದರ್ಜೆಯ ಕಾಂಕ್ರೀಟ್ ಸಾಕು. ಎಂ60 ಎಂದರೆ ಪರೀಕ್ಷೆಗೆಂದು ಆ ಕಾಂಕ್ರೀಟಿನಲ್ಲೇ ಎರೆದ 150 ಮಿಲಿಮೀಟರಿನ ಕ್ಯೂಬು 28 ದಿನಗಳ ನಂತರ ಚದರ ಮಿಲಿಮೀಟರಿಗೆ 60 ನ್ಯೂಟನ್ ಒತ್ತಡ ತಾಳಬೇಕು. ಅದಕ್ಕಿಂತ ಮುಖ್ಯವಾದುದು ಸರಳುಗಳ ದಟ್ಟಣೆ. ಸ್ಥಾವರದ ಬುನಾದಿಯಲ್ಲಿ, ಗೋಡೆಯ ತೆರಪುಗಳ ಸುತ್ತ, ಸರಳುಗಳು ಎಷ್ಟು ಒತ್ತೊತ್ತಾಗಿರುತ್ತವೆಂದರೆ ಕಾಂಕ್ರೀಟನ್ನು ಅದುರಿಸಿ ಒತ್ತಾಗಿಸುವ ವೈಬ್ರೇಟರಿನ ಸೂಜಿ ಕೆಳಗಿಳಿಯುವುದೇ ಕಷ್ಟ. ಅದು ಇಳಿಯದಿದ್ದಲ್ಲಿ ನೀವು ಸೈಟಿನಲ್ಲಿ ಹನಿಕೋಂಬ್ ಎನ್ನುತ್ತಿದ್ದ ಪೊಳ್ಳು ಉಳಿಯುತ್ತದೆ. ಸೆಂಟ್ರಿಂಗ್ ಬಿಚ್ಚಿದಾಗ ಮೈಮೇಲೆ ಕಂಡರೆ ರಿಪೇರಿ ಮಾಡಬಹುದು. ಒಳಗೇ ಉಳಿದರೆ ಅದನ್ನು ಕಾಣುವ ಕಣ್ಣು ಯಾರಿಗೂ ಇಲ್ಲ, ವಿಶೇಷ ಉಪಕರಣಗಳಿಂದ ಹುಡುಕಬೇಕು.

ನಮ್ಮ ಕಡೆಯ ಬಿಸಿಲು ಇನ್ನೊಂದು ಸಂಗತಿ. ದಪ್ಪ ಕಾಂಕ್ರೀಟ್ ಗಟ್ಟಿಯಾಗುವಾಗ ಸಿಮೆಂಟಿನ ರಾಸಾಯನಿಕ ಕ್ರಿಯೆಯಿಂದ ಒಳಗೇ ಕಾವೇರುತ್ತದೆ. ಒಳಗಿನ ಮತ್ತು ಹೊರಗಿನ ತಾಪಮಾನದ ಅಂತರ ಹೆಚ್ಚಾದರೆ ಬಿರುಕು ತಪ್ಪದು. ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟುವುದರಿಂದ ಮಿಶ್ರಣಕ್ಕೆ ನೀರಿನ ಬದಲು ಮಂಜುಗಡ್ಡೆಯ ಚೂರು ಹಾಕುವುದು, ಜಲ್ಲಿಗೆ ನೆರಳು ಮಾಡುವುದು, ರಾತ್ರಿ ಹೊತ್ತು ಕಾಂಕ್ರೀಟ್ ಸುರಿಯುವುದು, ಎಲ್ಲವೂ ಬೇಕಾಗುತ್ತವೆ. ಬಿಲ್ಲಿನ ಅವಸರದಲ್ಲಿ ಮೊದಲು ಕೈಬಿಡುವುದು ಇವನ್ನೇ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದದ್ದನ್ನು ಹತ್ತಿರದಿಂದ ಕಂಡವರು ನಾವು. ಅಣುಸ್ಥಾವರವನ್ನು ಪರಿಶೀಲಿಸುವವರು ಯಾರು, ಅವರನ್ನು ನಂಬುವುದು ಹೇಗೆ? (ಓದುಗರೊಬ್ಬರು, ಮುನಿರಾಬಾದ್)

ಉತ್ತರ: 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಈ ಹೊಣೆ ಸೇರಿದೆ. ಅದು ಒಂದೇ ಸಲಕ್ಕೆ ಅನುಮತಿ ಕೊಡುವುದಿಲ್ಲ. ಜಾಗದ ಆಯ್ಕೆಗೆ ಒಂದು, ಬುನಾದಿ ಅಗೆಯಲು ಒಂದು, ಮೊದಲ ಕಾಂಕ್ರೀಟ್ ಸುರಿಯಲು ಒಂದು, ದೊಡ್ಡ ಯಂತ್ರಗಳನ್ನು ಕೂರಿಸಲು ಇನ್ನೊಂದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕೊಡುತ್ತದೆ. ವ್ಯವಸ್ಥೆ ಕಾಗದದ ಮೇಲೆ ಚೆನ್ನಾಗಿಯೇ ಇದೆ. ಆದರೆ ನಿಯಂತ್ರಿಸುವ ಸಂಸ್ಥೆ ಸರ್ಕಾರದಿಂದ ಎಷ್ಟು ಸ್ವತಂತ್ರ ಎಂಬ ಪ್ರಶ್ನೆಯನ್ನು ಎತ್ತಿದವರು ಚಳವಳಿಗಾರರು ಮಾತ್ರವಲ್ಲ, 2012ರಲ್ಲಿ ಮಹಾಲೇಖಪಾಲರ ವರದಿಯೂ ಅದನ್ನೇ ಎತ್ತಿತ್ತು.

ನಂಬಿಕೆಯ ವಿಷಯದಲ್ಲಿ ನನ್ನ ಅಳತೆಗೋಲು ಬೇರೆ. ಒಂದೂ ದೋಷ ಸಿಕ್ಕಿಲ್ಲ ಎನ್ನುವ ಕಾಮಗಾರಿಗಿಂತ, ದೋಷ ಸಿಕ್ಕಾಗ ಕೆಲಸ ನಿಲ್ಲಿಸಿ ಅದನ್ನು ಜನರಿಗೆ ತಿಳಿಸಿದ ಕಾಮಗಾರಿಯನ್ನು ನಾನು ಹೆಚ್ಚು ನಂಬುತ್ತೇನೆ. ಫ್ರಾನ್ಸಿನ ಫ್ಲಾಮನ್‌ವಿಲ್‌ನಲ್ಲಿ 2007ರ ಡಿಸೆಂಬರಿನಲ್ಲಿ ಆರಂಭವಾದ ಮೂರನೇ ರಿಯಾಕ್ಟರಿನ ಕಾಂಕ್ರೀಟ್ ಕೆಲಸವನ್ನು ಸರಳು ಜೋಡಣೆಯ ಲೋಪಗಳಿಗಾಗಿ 2008ರಲ್ಲಿಯೇ ನಿಲ್ಲಿಸಬೇಕಾಯಿತು. ಮುಂದೆ ಬೆಸುಗೆಗಳಲ್ಲೂ ದೋಷಗಳು ಸಿಕ್ಕಿ, ವಿದ್ಯುತ್ ಜಾಲಕ್ಕೆ ಅದು ಸೇರಿದ್ದು 2024ರ ಡಿಸೆಂಬರಿನಲ್ಲಿ. ಖರ್ಚು ಹಲವು ಪಟ್ಟಾಯಿತು, ಟೀಕೆಯೂ ಬಂತು, ಆದರೆ ದೋಷಗಳ ಪಟ್ಟಿ ಎಲ್ಲರ ಕಣ್ಣಿಗೂ ಬಿತ್ತು. ಇದಕ್ಕೆ ವಿರುದ್ಧವಾದ ಉದಾಹರಣೆ ದಕ್ಷಿಣ ಕೊರಿಯಾದ್ದು. ಅಲ್ಲಿ ಬಿಡಿಭಾಗಗಳ ಗುಣಮಟ್ಟದ ಪ್ರಮಾಣಪತ್ರಗಳೇ ನಕಲಿಯೆಂದು 2012ರಲ್ಲಿ ಬಯಲಾಗಿ, ಓಡುತ್ತಿದ್ದ ರಿಯಾಕ್ಟರುಗಳನ್ನು ನಿಲ್ಲಿಸಬೇಕಾಯಿತು.

ಪ್ರಶ್ನೆ: ಇಂಥ ಕಾಮಗಾರಿಗಳಲ್ಲಿ ದುಡಿಯುವವರು ಹೆಚ್ಚಾಗಿ ಗುತ್ತಿಗೆ ಕಾರ್ಮಿಕರು. ಅವರ ಗತಿಯೇನು? ನಾವು ಸಾಮಾನ್ಯರು ಏನು ಕೇಳಬಹುದು? (ಓದುಗರೊಬ್ಬರು, ಬಳ್ಳಾರಿ)

ಉತ್ತರ: ಕಾರ್ಮಿಕರ ಸುರಕ್ಷತೆಯೂ ಅದೇ ಮಂಡಳಿಯ ಕಣ್ಗಾವಲಿಗೆ ಬರುತ್ತದೆ. ಕಟ್ಟುವ ಹಂತದಲ್ಲಿ ಅವರ ಜೀವಕ್ಕೆ ಎರವಾಗುವುದು ವಿಕಿರಣವಲ್ಲ. ಎತ್ತರದಿಂದ ಬೀಳುವುದು, ಕ್ರೇನಿನ ಭಾರ ಕಳಚುವುದು, ಕರೆಂಟು ಹೊಡೆಯುವುದು. ಬಳ್ಳಾರಿಯ ಯಾವ ದೊಡ್ಡ ಕಾಮಗಾರಿಯಲ್ಲೂ ಇರುವ ಅಪಾಯಗಳೇ ಇವು. ಮಂಡಳಿಯ ವಾರ್ಷಿಕ ವರದಿಯಲ್ಲಿ ಇಂಥ ಅಪಘಾತಗಳ ಅಂಕಿಅಂಶ ಇರುತ್ತದೆ. ಅದು ಕನ್ನಡದಲ್ಲಿ ಬಾರದಿರುವುದು ಕೈಗಾ ಇರುವ ರಾಜ್ಯಕ್ಕೆ ಶೋಭಿಸುವ ಮಾತಲ್ಲ.

ಕೇಳುವ ಜಾಗವೆಂದರೆ, 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ನಡೆಯುವ ಸಾರ್ವಜನಿಕ ಆಲಿಕೆ. ಅದಕ್ಕೆ ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು, ಪರಿಸರ ಪರಿಣಾಮದ ಕರಡು ವರದಿ ಜಿಲ್ಲಾಧಿಕಾರಿ ಕಚೇರಿಯಲ್ಲೂ ಜಿಲ್ಲಾ ಪಂಚಾಯಿತಿಯಲ್ಲೂ ನೋಡಲು ಸಿಗಬೇಕು, ಅದರ ಸಾರಾಂಶ ಸ್ಥಳೀಯ ಭಾಷೆಯಲ್ಲಿರಬೇಕು, ಸಭೆಯನ್ನು ವಿಡಿಯೊ ಮಾಡಬೇಕು. ಆಲಿಕೆಯ ವಸ್ತು ಪರಿಸರವಾದ್ದರಿಂದ ಗುಮ್ಮಟದ ಸರಳುಗಳ ಲೆಕ್ಕ ಅಲ್ಲಿ ತಾನಾಗಿ ಬರುವುದಿಲ್ಲ, ನೀವೇ ತರಬೇಕು. ‘ಸುರಕ್ಷಿತವೇ?’ ಎಂದು ಕೇಳಿದರೆ ‘ಹೌದು’ ಎಂಬ ಉತ್ತರ ಬಂದು ಮಾತು ಮುಗಿಯುತ್ತದೆ. ಅದರ ಬದಲು, ಕ್ಯೂಬು ಪರೀಕ್ಷೆಯನ್ನು ಗುತ್ತಿಗೆದಾರರ ಹೊರತು ಬೇರೆ ಯಾವ ಪ್ರಯೋಗಾಲಯ ಮಾಡುತ್ತದೆ, ಕೆಲಸ ನಿಲ್ಲಿಸುವ ಅಧಿಕಾರ ಸ್ಥಳದಲ್ಲಿ ಯಾರಿಗಿದೆ, ನಿಲ್ಲಿಸಿದ ಸಂಗತಿ ನಮಗೆ ಎಷ್ಟು ದಿನದೊಳಗೆ ಕನ್ನಡದಲ್ಲಿ ತಿಳಿಯುತ್ತದೆ ಎಂದು ಕೇಳಿ, ಕೇಳಿದ್ದನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆದುಕೊಳ್ಳಿ.