1672ರಲ್ಲಿ ಆನ್‌ಲೈನ್ ಗ್ರೂಪ್ ಇದ್ದಿದ್ರೆ ನ್ಯೂಟನ್ ಲೆಫ್ಟ್ ಆಗ್ತಿದ್ನಾ?

ಪ್ರಶ್ನೆ: ಸರ್, ನಾವು ನಾಲ್ಕೈದು ಜನ ಫ್ರೆಂಡ್ಸ್ ಸೇರ್ಕೊಂಡು ಒಂದು ತಮಾಷೆ ಬರಹ ಬರೀತಿದೀವಿ. 1670ರ ಆಸುಪಾಸಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳಿಗೆ ಒಂದು ಆನ್‌ಲೈನ್ ಗ್ರೂಪ್ ಇದ್ದಿದ್ರೆ ಹೇಗಿರ್ತಿತ್ತು ಅಂತ. ಒಬ್ಬ ಹೊಸ ಥಿಯರಿ ಪೋಸ್ಟ್ ಮಾಡ್ತಾನೆ, ಇನ್ನೊಬ್ಬ ಸರಿಯಾಗಿ ಓದದೇ ಕಮೆಂಟ್ ಹಾಕ್ತಾನೆ, ಅಡ್ಮಿನ್ ಸಮಾಧಾನ ಮಾಡ್ತಾನೆ, ಯಾರೋ ಫೇಕ್ ಐಡಿಯಿಂದ ತನ್ನನ್ನೇ ಸಪೋರ್ಟ್ ಮಾಡ್ಕೋತಾನೆ, ಒಬ್ಬ ಗ್ರೂಪ್ ಬಿಟ್ಟು ಹೋಗ್ತಾನೆ. ನಮ್ಮಲ್ಲೊಬ್ಬಳು ಇದನ್ನ ಒಪ್ತಿಲ್ಲ. ಆಗ ಪತ್ರಕ್ಕೆ ಉತ್ತರ ಬರೋಕೆ ವಾರಗಟ್ಲೆ ಆಗ್ತಿತ್ತು, ಅಷ್ಟೊತ್ತಿಗೆ ಸಿಟ್ಟೆಲ್ಲ ಇಳಿದಿರ್ತಿತ್ತು, ಈ ಥರ ಕಚ್ಚಾಟ ಈಗಿನ ಕಾಯಿಲೆ ಅಂತಾಳೆ. ಯಾರು ಸರಿ?

ಉತ್ತರ: ನಿಮ್ಮ ಫ್ರೆಂಡ್‌ಗೆ ಬೇಜಾರಾಗ್ಬಹುದು, ಆದ್ರೆ ನೀವು ಕಲ್ಪನೆ ಅಂದ್ಕೊಂಡು ಬರೀತಿರೋದು ಒಂದೂ ಬಿಡದೆ ನಿಜವಾಗ್ಲೂ ನಡೆದಿದೆ. ನನಗೆ ತುಂಬ ಇಷ್ಟವಾದ ವಿಷಯ ಇದು, ಸ್ವಲ್ಪ ಉದ್ದ ಆದ್ರೆ ಕ್ಷಮಿಸಿ.

ಗ್ರೂಪ್ ಅಂದ್ರೆ ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿ ಅಂತಿಟ್ಕೊಳ್ಳಿ. ಅಡ್ಮಿನ್ ಹೆನ್ರಿ ಓಲ್ಡನ್‌ಬರ್ಗ್, ಸೊಸೈಟಿಯ ಸೆಕ್ರೆಟರಿ, 1665ರಲ್ಲಿ 'ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್' ಪತ್ರಿಕೆ ಶುರು ಮಾಡಿದವನು, ಯಾವ ಊರಿಂದ ಯಾರ ಪತ್ರ ಬಂದ್ರೂ ಇವನೇ ಓದಿ, ಕಾಪಿ ಮಾಡಿಸಿ, ಬೇಕಾದವರಿಗೆ ಕಳಿಸ್ತಿದ್ದ. ಗ್ರೂಪಿನ ಹಳೇ ಹುಲಿ ರಾಬರ್ಟ್ ಹುಕ್, ಬೆಳಕು ಬಣ್ಣದ ಬಗ್ಗೆ ಆಗ್ಲೇ ತನ್ನದೇ ಥಿಯರಿ ಪ್ರಿಂಟ್ ಮಾಡ್ಸಿದ್ದವನು. ಹೊಸ ಮೆಂಬರ್ ಕೇಂಬ್ರಿಡ್ಜಿನ ಐಸಾಕ್ ನ್ಯೂಟನ್, ವಯಸ್ಸು 29, ಸೇರಿ ಇನ್ನೂ ಒಂದು ತಿಂಗಳೂ ಆಗಿಲ್ಲ.

1672ರ ಫೆಬ್ರವರಿ 8ಕ್ಕೆ ನ್ಯೂಟನ್‌ದು ಮೊದಲನೇ ದೊಡ್ಡ ಪೋಸ್ಟ್ ಸಭೆಯಲ್ಲಿ ಓದಿದ್ರು. ಕತ್ತಲೆ ರೂಮು, ಕಿಟಕಿ ಬಾಗಿಲಲ್ಲಿ ಸಣ್ಣ ತೂತು, ಅದರ ಹತ್ರ ಒಂದು ಪ್ರಿಸಂ (ಮೂರು ಮೂಲೆಯ ಗಾಜಿನ ತುಂಡು), 22 ಅಡಿ ದೂರದ ಗೋಡೆ ಮೇಲೆ ಬಣ್ಣ. ಸೂರ್ಯ ದುಂಡಗಿದಾನೆ, ತೂತೂ ದುಂಡಗಿದೆ, ಗೋಡೆ ಮೇಲೆ ಮಾತ್ರ ಬಣ್ಣದ ಪಟ್ಟಿ ಅಗಲಕ್ಕಿಂತ ಐದು ಪಟ್ಟು ಉದ್ದ ಬಿತ್ತು, ಯಾಕೆ? ಬಿಳಿ ಬೆಳಕಿನಲ್ಲೇ ಎಲ್ಲ ಬಣ್ಣ ಇದೆ, ಒಂದೊಂದು ಬಣ್ಣ ಒಂದೊಂದು ಅಳತೆಯಲ್ಲಿ ಬಾಗುತ್ತೆ ಅಂತ ನ್ಯೂಟನ್ ಹೇಳಿದ್ದು. ಒಂದೇ ವಾರದಲ್ಲಿ ಹುಕ್ ಕಮೆಂಟ್ ರೆಡಿ. ಪ್ರಯೋಗ ಸರಿ ಇದೆ, ಆದ್ರೆ ಅದನ್ನ ನನ್ನ ಥಿಯರಿಯಿಂದಲೂ ವಿವರಿಸ್ಬಹುದು ಅನ್ನೋ ಧಾಟಿ. ಅದನ್ನ ಬರೆಯೋಕೆ ಮೂರ್ನಾಲ್ಕು ಗಂಟೆಗಿಂತ ಜಾಸ್ತಿ ಟೈಮ್ ಕೊಡ್ಲಿಲ್ಲ ಅಂತ ಆಮೇಲೆ ಅವನೇ ಒಪ್ಕೊಂಡ. ವರ್ಷಗಟ್ಲೆ ಮಾಡಿದ ಕೆಲಸಕ್ಕೆ ಮೂರ್ನಾಲ್ಕು ಗಂಟೆಯ ಉತ್ತರ, ಆ ಹುಡುಗನಿಗೆ ಹೇಗಾಗಿರ್ಬೇಡ.

ಈಗ ನಿಮ್ಮ ಫ್ರೆಂಡ್ ಹೇಳೋ 'ಸಿಟ್ಟು ಇಳಿಯುತ್ತೆ' ಅನ್ನೋ ಮಾತಿಗೆ ಬರೋಣ. ನ್ಯೂಟನ್ ತಕ್ಷಣ ರಿಪ್ಲೈ ಮಾಡ್ಲಿಲ್ಲ. ಜೂನ್‌ವರೆಗೂ ಕಾದ, ನಾಲ್ಕು ತಿಂಗಳು. ಒಂದಾದ ಮೇಲೊಂದು ಡ್ರಾಫ್ಟ್ ಬರೆದ, ಮತ್ತೆ ಪ್ರತಿ ಡ್ರಾಫ್ಟಿಗೂ ಖಾರ ಜಾಸ್ತಿ ಆಗ್ತಾ ಹೋಯ್ತೇ ಹೊರತು ಕಮ್ಮಿ ಆಗ್ಲಿಲ್ಲ. ಕೊನೆಗೆ ಕಳಿಸಿದ ಉತ್ತರದಲ್ಲಿ ಹುಕ್ ಹೆಸರು 25ಕ್ಕೂ ಹೆಚ್ಚು ಸಲ ಬರುತ್ತೆ, ಸಾಲಿಗೊಂದು ಟ್ಯಾಗ್ ಮಾಡಿದ ಹಾಗೆ. ಟೈಮ್ ಸಿಕ್ಕಿದ್ರೆ ಸಿಟ್ಟು ಆರುತ್ತೆ ಅನ್ನೋದು ಎಲ್ಲರ ವಿಷಯದಲ್ಲೂ ನಿಜ ಅಲ್ಲ ಕಣ್ರೀ, ಕೆಲವರಿಗೆ ಟೈಮ್ ಅಂದ್ರೆ ಮಾತನ್ನ ಮಸೆಯೋ ಕಲ್ಲು.

ಲೆಫ್ಟ್ ಆಗೋ ಸೀನ್ ಬೇಕಲ್ವಾ ನಿಮಗೆ? 1673ರ ಮಾರ್ಚ್‌ನಲ್ಲಿ ನ್ಯೂಟನ್ ಓಲ್ಡನ್‌ಬರ್ಗ್‌ಗೆ ಬರೆದ, ನನ್ನನ್ನ ಸೊಸೈಟಿಯಿಂದ ತೆಗೆದುಬಿಡಿ ಅಂತ. ಆಗ ಮೆಂಬರ್‌ಗಳು ವಾರಕ್ಕೆ ಒಂದು ಶಿಲ್ಲಿಂಗ್ ಚಂದಾ ಕೊಡ್ಬೇಕಿತ್ತು. ಓಲ್ಡನ್‌ಬರ್ಗ್ ಅದನ್ನ ಮಾಫಿ ಮಾಡಿಸೋ ಮಾತಾಡಿ ಹೆಂಗೋ ಉಳಿಸ್ಕೊಂಡ. ಒಳ್ಳೇ ಅಡ್ಮಿನ್ ಮಾಡೋ ಕೆಲಸ ಇದು, ಅವನಿಗೆ ಈ ವಿಷಯದಲ್ಲಿ ಇನ್ನಷ್ಟು ಹೆಸರು ಸಿಗ್ಬೇಕಿತ್ತು ಅಂತ ನನಗೆ ಯಾವಾಗ್ಲೂ ಅನ್ಸುತ್ತೆ. ಹುಕ್‌ಗೆ ಮಾತ್ರ ಅಡ್ಮಿನ್ ಮೇಲೇ ಅನುಮಾನ, ಇವನೇ ಮಧ್ಯ ನಿಂತು ಬೆಂಕಿಗೆ ತುಪ್ಪ ಸುರೀತಾನೆ ಅಂತ.

ಇದರ ನಡುವೆ ಗ್ರೂಪೇ ಕ್ಲೋಸ್ ಮಾಡೋ ಪ್ರಯತ್ನವೂ ಆಗಿದೆ, ಆದ್ರೆ ಸೊಸೈಟಿದಲ್ಲ, ಕಾಫಿ ಹೌಸ್‌ಗಳದ್ದು. ಲಂಡನ್ನಿನ ಹರಟೆ, ಸುದ್ದಿ, ರಾಜಕೀಯ ಎಲ್ಲ ನಡೀತಿದ್ದದ್ದು ಅಲ್ಲೇ, ಹುಕ್‌ಗಂತೂ ದಿನಾ ಅಲ್ಲಿ ಹೋಗದಿದ್ರೆ ಆಗ್ತಿರ್ಲಿಲ್ಲ. ಅಲ್ಲಿ ಕೂತು ಸರ್ಕಾರದ ಬಗ್ಗೆ ಸುಳ್ಳುಸುದ್ದಿ ಹಬ್ಬಿಸ್ತಾರೆ ಅಂತ ರಾಜ ಎರಡನೇ ಚಾರ್ಲ್ಸ್ 1675ರ ಡಿಸೆಂಬರ್ 29ಕ್ಕೆ ಆರ್ಡರ್ ಮಾಡಿದ, ಜನವರಿ 10ರಿಂದ ಎಲ್ಲ ಕಾಫಿ ಹೌಸ್ ಬಂದ್ ಅಂತ. ಜನ ರೊಚ್ಚಿಗೆದ್ರು. ಜನವರಿ 8ಕ್ಕೇ ಆರ್ಡರ್ ವಾಪಸ್.

ಅದಾಗಿ ಹನ್ನೆರಡು ದಿನಕ್ಕೆ, 1676ರ ಜನವರಿ 20ಕ್ಕೆ, ಹುಕ್ ಒಂದು ಕೆಲಸ ಮಾಡ್ದ, ಅದೇ ನನಗೆ ಈ ಇಡೀ ಕಥೆಯಲ್ಲಿ ಮನಸ್ಸಿಗೆ ತಟ್ಟೋ ಭಾಗ. ಅಡ್ಮಿನ್‌ನ ಬಿಟ್ಟು ನೇರವಾಗಿ ನ್ಯೂಟನ್‌ಗೇ ಬರೆದ. ನಿನಗೆ ನನ್ನ ಬಗ್ಗೆ ಯಾರೋ ತಪ್ಪಾಗಿ ಹೇಳಿದಾರೆ ಅನ್ಸುತ್ತೆ, ಇನ್ಮೇಲೆ ನಾವಿಬ್ರೇ ಖಾಸಗಿಯಾಗಿ ಪತ್ರ ಬರ್ಕೊಳ್ಳೋಣ ಅಂತ. ಈಗಿನ ಭಾಷೇಲಿ, 'ಇನ್‌ಬಾಕ್ಸ್‌ಗೆ ಬಾ'. ನ್ಯೂಟನ್‌ದು ಉತ್ತರ ಫೆಬ್ರವರಿ 5ಕ್ಕೆ. ತುಂಬ ಜನದ ಎದುರಿಗೆ ನಡೆಯೋ ವಾದದಲ್ಲಿ ಸತ್ಯದ ಕಾಳಜಿ ಜೊತೆ ಬೇರೆ ಏನೋ ಸೇರ್ಕೊಂಡಿರುತ್ತೆ, ಗೆಳೆಯರ ನಡುವೆ ಖಾಸಗಿಯಾಗಿ ನಡೆದ್ರೆ ಅದು ಜಗಳ ಅಲ್ಲ, ಸಮಾಲೋಚನೆ ಅನ್ನೋ ಅರ್ಥದ ಮಾತು ಅದರಲ್ಲಿದೆ. ದೈತ್ಯರ ಭುಜದ ಮೇಲೆ ನಿಂತಿದ್ದರಿಂದ ದೂರ ನೋಡೋಕಾಯ್ತು ಅನ್ನೋ ಎಲ್ಲರಿಗೂ ಗೊತ್ತಿರೋ ಸಾಲು ಬಂದಿದ್ದೂ ಇದೇ ಪತ್ರದಲ್ಲಿ. ನಿಮ್ಮ ಫ್ರೆಂಡ್‌ಗೆ ಈ ಪತ್ರ ತೋರಿಸಿ. ಜಗಳಕ್ಕೆ ಕಾರಣ ಪತ್ರದ ಸ್ಪೀಡ್ ಅಲ್ಲ, ನೋಡ್ತಾ ಕೂತಿರೋ ಜನ ಅಂತ ನ್ಯೂಟನ್ನೇ ಬರೆದು ಕೊಟ್ಟಿದಾನೆ.

ಆದ್ರೆ ಸ್ನೇಹ ಬಾಳಿಕೆ ಬರ್ಲಿಲ್ಲ. 1686ರಲ್ಲಿ ಗುರುತ್ವಾಕರ್ಷಣೆ ನಿಯಮ ನನ್ನಿಂದ ಬಂದಿದ್ದು ಅಂತ ಹುಕ್ ಕ್ಲೇಮ್ ಮಾಡ್ದ, ನ್ಯೂಟನ್ ಆ ನಿಯಮ ಇರೋ ತನ್ನ ಪುಸ್ತಕ ಪ್ರಿನ್ಸಿಪಿಯಾದ ಮೂರನೇ ಭಾಗಾನೇ ಕೊಡಲ್ಲ ಅಂತ ಹಠ ಹಿಡ್ದ, ಖಗೋಳ ವಿಜ್ಞಾನಿ ಎಡ್ಮಂಡ್ ಹ್ಯಾಲಿ ಸಮಾಧಾನ ಮಾಡಿ ತನ್ನ ಕೈಯಿಂದ ದುಡ್ಡು ಹಾಕಿ 1687ರಲ್ಲಿ ಪ್ರಿಂಟ್ ಮಾಡಿಸ್ದ. ಬೆಳಕಿನ ಮೇಲಿನ ಪುಸ್ತಕ ನ್ಯೂಟನ್ ಹೊರಗೆ ತಂದಿದ್ದು 1704ರಲ್ಲಿ, ಹುಕ್ ತೀರಿಹೋದ ಮರುವರ್ಷ.

ಫೇಕ್ ಐಡಿ ವಿಷಯ ಹೇಳದಿದ್ರೆ ನೀವು ಬಿಡಲ್ಲ. ಗಣಿತದ ಕ್ಯಾಲ್ಕುಲಸ್ ಮೊದಲು ಕಂಡುಹಿಡಿದಿದ್ದು ಯಾರು ಅಂತ ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್ ಜೊತೆ ಜಗಳ ಆದಾಗ ನ್ಯೂಟನ್ ಸೊಸೈಟಿಯ ಪ್ರೆಸಿಡೆಂಟ್ ಆಗಿದ್ದ. 1712ರಲ್ಲಿ ಒಂದು ಕಮಿಟಿ ಮಾಡಿದ್ರು, ಅದರ ರಿಪೋರ್ಟ್ ಬರೆದಿದ್ದು ನ್ಯೂಟನ್ನೇ, 1715ರಲ್ಲಿ ಅದಕ್ಕೊಂದು ಉದ್ದದ ರಿವ್ಯೂ ಹೆಸರಿಲ್ಲದೆ ಪತ್ರಿಕೆಯಲ್ಲಿ ಬಂತು, ಅದನ್ನ ಬರೆದಿದ್ದೂ ನ್ಯೂಟನ್ನೇ. ಆ ಕಡೆ ಲೈಬ್ನಿಟ್ಸ್ 1713ರಲ್ಲಿ ಹೆಸರು ಹಾಕದೆ ಒಂದು ಕರಪತ್ರ ಬಿಟ್ಟು, ತನ್ನ ಬಗ್ಗೆ ತಾನೇ ಬೇರೆಯವರ ಥರ ಬರ್ಕೊಂಡಿದ್ದ. ಎರಡೂ ಕಡೆ ಫೇಕ್ ಐಡಿ, ಇಬ್ರೂ ಮಹಾ ಬುದ್ಧಿವಂತರು.

ನಿಮ್ಮ ಬರಹಕ್ಕೆ ಒಂದು ಸಲಹೆ. ಆಗಿನ ಇಂಗ್ಲೆಂಡಿನಲ್ಲಿ ಅಂಚೆ ದುಡ್ಡು ಸಾಮಾನ್ಯವಾಗಿ ಪತ್ರ ತಗೊಳ್ಳೋರೇ ಕೊಡ್ಬೇಕಿತ್ತು. ಅಂದ್ರೆ ಬೈಗುಳ ಓದೋಕೂ ಜೇಬಿಂದ ಕಾಸು ಬಿಚ್ಚಬೇಕು. ಇದನ್ನ ಖಂಡಿತ ಹಾಕಿ.

ಕೊನೆ ಸೀನ್‌ಗೆ ಮತ್ತೆ ಆ ಪ್ರಿಸಂ ಜಗಳಕ್ಕೇ ಬನ್ನಿ, ಈಗಿನ ಬೆಲ್ಜಿಯಂನಲ್ಲಿರೋ ಲಿಯೇಜ್ ಊರಿನ ಜೆಸ್ವಿಟ್ ಪಾದ್ರಿಗಳನ್ನ ತಗೊಳ್ಳಿ. 80ರ ಹತ್ತಿರದ ಫ್ರಾನ್ಸಿಸ್ ಲೈನ್ 1674ರಲ್ಲಿ ಬರೆದ, ಮೋಡ ಇಲ್ಲದ ದಿನ ಬಣ್ಣದ ಪಟ್ಟಿ ನ್ಯೂಟನ್ ಹೇಳಿದ ಹಾಗೆ ಉದ್ದ ಬೀಳೋದೇ ಇಲ್ಲ ಅಂತ. ಮರುವರ್ಷ ಆತ ತೀರಿಕೊಂಡ, ಥ್ರೆಡ್ ಮಾತ್ರ ನಿಲ್ಲಲಿಲ್ಲ, ಶಿಷ್ಯ ಮುಂದುವರಿಸ್ದ, ಆಮೇಲೆ ಆಂಟನಿ ಲ್ಯೂಕಸ್ ಅಂತ ಇನ್ನೊಬ್ಬ ಬಂದ. ಈ ಲ್ಯೂಕಸ್ ನಿಯತ್ತಾಗಿ ಪ್ರಯೋಗ ಮಾಡಿ, ಪಟ್ಟಿ ಉದ್ದ ಇದೆ ನಿಜ, ಆದ್ರೆ ಐದು ಪಟ್ಟಲ್ಲ, ಮೂರು ಮೂರೂವರೆ ಪಟ್ಟು ಅಷ್ಟೇ ಅಂದ. ಇಲ್ಲೇ ನನಗೆ ಹೊಟ್ಟೆ ಉರಿಯೋದು. ಗಾಜು ಬೇರೆಯಾದ್ರೆ ಬಣ್ಣ ಹರಡೋ ಅಳತೆನೂ ಬೇರೆ ಆಗುತ್ತೆ, ಆ ಎರಡು ಅಂಕಿ ಪಕ್ಕ ಪಕ್ಕ ಇಟ್ಕೊಂಡು ಇಬ್ರೂ ತಣ್ಣಗೆ ಕೂತು ಯೋಚಿಸಿದ್ರೆ ಅದು ಆಗ್ಲೇ ಹೊಳೀಬಹುದಿತ್ತು, ಅದೇ ಗುಣ ಬಳಸಿ ಬಣ್ಣ ಚೆದುರದ ಲೆನ್ಸಿಗೆ ಜಾನ್ ಡೊಲೊಂಡ್ ಪೇಟೆಂಟ್ ತಗೊಂಡಿದ್ದು 1758ರಲ್ಲಿ. ನ್ಯೂಟನ್‌ಗೆ ಮಾತ್ರ ಆ ಹೊತ್ತಿಗೆ ಇವರೆಲ್ಲ ಸೇರಿ ತನ್ನನ್ನ ಕಾಡ್ತಿದಾರೆ ಅನ್ಸಿಬಿಟ್ಟಿತ್ತು. ಓಲ್ಡನ್‌ಬರ್ಗ್ 1677ರಲ್ಲೇ ಸತ್ತಿದ್ದ, ತಡೆಯೋರೂ ಇರ್ಲಿಲ್ಲ. 1678ರ ಜೂನ್‌ನಲ್ಲಿ ಲ್ಯೂಕಸ್‌ದು ಇನ್ನೊಂದು ಪತ್ರ ತಲುಪಿಸೋಕೆ ಸೊಸೈಟಿಯ ಇನ್ನೊಬ್ಬ ಮೆಂಬರ್ ಜಾನ್ ಆಬ್ರಿ ಇಟ್ಕೊಂಡಿದಾನೆ ಅಂತ ಗೊತ್ತಾದಾಗ ನ್ಯೂಟನ್ ಆಬ್ರಿಗೆ ಒಂದು ಚೀಟಿ ಬರೆದ: ಇಂಥದ್ದು ಇನ್ನೇನೂ ನನಗೆ ಕಳಿಸ್ಬೇಡಿ ಅಂತ.

ಬ್ಲಾಕ್.