ವಿಮರ್ಶಕರು ನೂರಕ್ಕೆ 90 ಕೊಟ್ಟಿದ್ದಾರೆ, ಆಡಿದವರು ಬೈಯುತ್ತಿದ್ದಾರೆ. ಯಾರನ್ನು ನಂಬಿ ಗೇಮ್ ತಗೊಳ್ಳಲಿ?

ಇದೇ ಪ್ರಶ್ನೆಯನ್ನು 2010ರಲ್ಲಿ ನಾನು ಯಾರಿಗಾದರೂ ಕೇಳಬೇಕಿತ್ತು. ನೀವು ಕೇಳಿದ ಗೇಮ್ ಹಾಗೇ ನನ್ನದೂ ಇತಿಹಾಸದ ಓಪನ್ ವರ್ಲ್ಡ್ ಆಟ (ಊರೆಲ್ಲ ಇಷ್ಟ ಬಂದಂತೆ ಸುತ್ತಬಹುದು), ಅದರ ಎರಡನೇ ಭಾಗ: ಅಸಾಸಿನ್ಸ್ ಕ್ರೀಡ್ 2.

ಮೊದಲ ಭಾಗ 2007ರದ್ದು. ನೋಡಲು ಚಂದ, ಆಡುತ್ತಾ ಹೋದರೆ ಬೇಜಾರು. ಕದ್ದು ಕೇಳು, ಜೇಬು ಕತ್ತರಿಸು, ಒಬ್ಬನನ್ನು ಬಡಿದು ಬಾಯಿ ಬಿಡಿಸು, ಕೊನೆಗೆ ಕೊಲ್ಲು. ಮುಂದಿನ ಊರಲ್ಲೂ ಅದೇ ಪಾಡು. ಎರಡನೆಯದರಲ್ಲಿ ಇದನ್ನೇ ಸರಿಮಾಡಿದ್ದಾರೆ ಅಂತ ವಿಮರ್ಶಕರು ಹೊಗಳಿದ್ದೇ ಹೊಗಳಿದ್ದು. ಫ್ಲಾರೆನ್ಸಿನ ಹುಡುಗ ಎಜಿಯೊ, ಅವನಿಗೆ ಆಯುಧ ಮಾಡಿಕೊಡಲು ಲಿಯೊನಾರ್ಡೊ ಡಾ ವಿಂಚಿ, ವೆನಿಸ್ ಮೇಲೆ ಹಾರುವ ಯಂತ್ರ. 2009ರ ನವೆಂಬರ್‌ನಲ್ಲಿ ಬಂದಾಗ, ವಿಮರ್ಶಕರ ಅಂಕಗಳ ಸರಾಸರಿ ಕೊಡುವ ತಾಣ ಮೆಟಾಕ್ರಿಟಿಕ್‌ನಲ್ಲಿ ಪ್ಲೇಸ್ಟೇಷನ್ 3ಕ್ಕೆ 91, ಎಕ್ಸ್‌ಬಾಕ್ಸ್ 360ಕ್ಕೆ 90.

ನಾನು ಎಡವಿದ್ದು ಇಲ್ಲೇ. ಆ ಅಂಕ ಟಿವಿಗೆ ಜೋಡಿಸಿ ಆಡುವ ಕನ್ಸೋಲಿನದ್ದು, ನನ್ನ ಹತ್ತಿರ ಇದ್ದದ್ದು ಪಿಸಿ. ಪಿಸಿಗೆ ಆಟ ಬಂದದ್ದು 2010ರ ಮಾರ್ಚ್‌ನಲ್ಲಿ, ಜೊತೆಗೊಂದು ಷರತ್ತು: ಒಬ್ಬರೇ ಆಡುವ ಆಟವಾದರೂ ಆಡುವಷ್ಟು ಹೊತ್ತೂ ಇಂಟರ್ನೆಟ್ ಬೇಕು. ನವೆಂಬರ್‌ನ ವಿಮರ್ಶೆಗಳು ನನಗೆ ಬಾಯಿಪಾಠ. ಮಾರ್ಚ್‌ನದ್ದು ಒಂದೂ ಓದಲಿಲ್ಲ. ಆಟ ಅದೇ ತಾನೇ, ಇನ್ನೇನು ಓದುವುದು ಅಂದುಕೊಂಡೆ. ಪಿಸಿಯ ವಿಮರ್ಶೆಗಳಲ್ಲಿ ಈ ಷರತ್ತಿಗೆ ಛೀಮಾರಿ ಹಾಕಿದ್ದು ಕಣ್ಣಿಗೆ ರಾಚುವಂತಿತ್ತು. ನಾನು ಸುಮ್ನೆ 90 ನೋಡಿ ದುಡ್ಡು ಕೊಟ್ಟೆ. ಕೊನೆಕೊಯ್ಲಿನಲ್ಲಿ ಅಡಿಕೆ ಸುಲಿದು ಕೂಡಿಟ್ಟ ದುಡ್ಡು.

ನಮ್ಮನೆ ಶಿರಸಿ ಪೇಟೆಯಿಂದ ಒಳಗೆ. ಫೋನಿನ ತಂತಿ ತೋಟ ದಾಟಿ ಬರಬೇಕು, ಅದರಲ್ಲೇ ಬ್ರಾಡ್‌ಬ್ಯಾಂಡ್. ಫೋನನ್ನೂ ನೆಟ್ಟನ್ನೂ ಬೇರೆ ಮಾಡುವ ಸ್ಪ್ಲಿಟರ್ ಕೆಟ್ಟಿತ್ತು, ಫೋನು ರಿಂಗಾದರೆ ನೆಟ್ ಹೋಯಿತು ಅಂತಲೇ ಅರ್ಥ. ಎಜಿಯೊ ಗಂಟೆ ಗೋಪುರ ಹತ್ತುತ್ತಿರುತ್ತಾನೆ, ಅಷ್ಟರಲ್ಲಿ ಅತ್ತೆಯ ಫೋನು. ಒಂದು ಕೈ ಮೇಲೆ ಚಾಚಿದವನು ಹಾಗೇ ನಿಂತ. ಆಯಿಗೂ ಅತ್ತೆಗೂ ಮಾತು ಅಪ್ಪೆಮಿಡಿಯಿಂದ ಶುರುವಾದರೆ ಊರಿನ ಮದುವೆಗಳೆಲ್ಲ ಮುಗಿಯಬೇಕು. ಮಳೆ ಹಿಡಿದ ಮೇಲೆ ಸೋಗೆ ಬಿದ್ದು ತಂತಿಯೇ ಕಡಿಯಿತು. ಲೈನ್‌ಮನ್ ಬರುವ ತನಕ ಡಿಸ್ಕು ಡಬ್ಬದಲ್ಲೇ.

ಹಾಗಾಗಿ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ಆಗಲೂ ವಿಮರ್ಶಕರು ಹೊಗಳಿದರು, ಪಿಸಿಯವರು ಬೈದರು. ಇಬ್ಬರೂ ಹೇಳಿದ್ದು ನಿಜವೇ ಅಲ್ವಾ? ಅವರು ಆಟ ಹೇಗಿದೆ ಅಂದರು, ಇವರು ಮನೆಯಲ್ಲಿ ಓಡುತ್ತದಾ ಅನ್ನುವುದನ್ನು ಹೇಳಿದರು. ಅಂಕ ಬಿಡಿ, ಬೈಗುಳ ಓದಿ. ಕಥೆ ನಿಧಾನ ಅಂತ ಬೈದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಎಜಿಯೊ ಕಥೆಯೂ ಕುದುರಲು ಗಂಟೆಗಟ್ಟಲೆ ಬೇಕು. ಸರ್ವರ್, ಕ್ರ್ಯಾಶ್, ಲಾಗಿನ್ ಅಂತ ಬೈದಿದ್ದರೆ ಮಾತ್ರ ಕೆಲವು ತಿಂಗಳು ತಡೆಯಿರಿ. ನನ್ನ ಆಟಕ್ಕೂ ಆಮೇಲೆ ಆ ಷರತ್ತು ಸಡಿಲಾಯಿತು. ತಡೆಯಲು ಆಗುವುದೇ ಇಲ್ಲ ಅಂದರೆ ಪಿಸಿ ಆಟ ಮಾರುವ ತಾಣ ಸ್ಟೀಮ್‌ನಲ್ಲಿ ತಗೊಳ್ಳಿ. 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ನಮ್ಮ ಕಾಲಕ್ಕೆ ಆ ಭಾಗ್ಯ ಇರಲಿಲ್ಲ.

ಕಾರವಾರ ಅಂತ ಬರೆದಿದ್ದೀರಿ, ಪಿಸಿಯೋ ಕನ್ಸೋಲೋ ಬರೆದಿಲ್ಲ. ಮನೆಗೆ ಫೈಬರ್ ಬಂದಿದೆಯಾ, ಇಲ್ಲಾ ಮೊಬೈಲ್ ಹಾಟ್‌ಸ್ಪಾಟಾ? ಅದನ್ನು ಮೊದಲು ಹೇಳಿ.