ಬ್ಲೈಂಡ್ ಸ್ಕೌಸ್ ತಿನ್ನಬಹುದಾ ಅಂತ ಕೇಳಿದ ತಂಗಿಗೆ

ತಂಗಿ, ನಿನ್ನ ಮೆಸೇಜು ಓದಿ ನಗು ಬಂತು. ಫೆಬ್ರವರಿ 28ಕ್ಕೆ, ಸ್ಕೌಸ್ ದಿನ ಅಂತ, ಲಿವರ್‌ಪೂಲ್‌ನ ನಿನ್ನ ಆಸ್ಪತ್ರೆ ವಾರ್ಡಿನಲ್ಲಿ ಎಲ್ಲರೂ ಈ ಊರಿನ ಸಾರು ಸ್ಕೌಸ್ ಮಾಡಿ ತರುತ್ತಾರೆ, "ನಿನಗೆ ಬ್ಲೈಂಡ್ ಇರುತ್ತೆ, ಚಿಂತೆ ಬೇಡ" ಅಂದಿದ್ದಾರೆ, ಇದೇನು ಅಕ್ಕಾ, ತಿನ್ನಬಹುದಾ ಅಂತ ಕೇಳಿದ್ದೀಯ. ಜೊತೆಗೆ ಬಾಡಿಗೆ, ಚಳಿ, ಕುಕ್ಕರ್, ಇವರ ಇಂಗ್ಲಿಷು. ಎಲ್ಲದಕ್ಕೂ ಉತ್ತರ ಹೇಳುತ್ತೇನೆ, ಆದರೆ ಸ್ಕೌಸ್ ಬಗ್ಗೆಯೇ ಜಾಸ್ತಿ.

ಬಾಡಿಗೆ: ಆಸ್ಪತ್ರೆಗೆ ಒಂದೇ ಬಸ್ಸಿನಲ್ಲಿ ಹೋಗುವಂತಿರಲಿ, ಸಾಕು. ಚಳಿ: ಮರ್ಸಿ ನದಿ ಕಡೆಯಿಂದ ಗಾಳಿ ಬೀಸಿದರೆ ಕೊಡೆ ಉಲ್ಟಾ ಆಗುತ್ತೆ. ಟೊಪ್ಪಿಗೆ ಇರುವ ರೇನ್‌ಕೋಟು ತಗೋ.

ಸ್ಕೌಸ್ ಅಂದರೆ ದನದ ಅಥವಾ ಕುರಿ ಮಾಂಸ, ಆಲೂಗಡ್ಡೆ, ಗಜ್ಜರಿ, ಉಳ್ಳಾಗಡ್ಡಿ ಹಾಕಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಕುದಿಸುವ ಗಟ್ಟಿ ಸಾರು. ಅರ್ಧ ಆಲೂಗಡ್ಡೆ ಕರಗಿಹೋಗಬೇಕು, ಆಗಲೇ ಅದು ಸ್ಕೌಸ್. ಪಕ್ಕಕ್ಕೆ ವಿನೆಗರ್‌ನಲ್ಲಿ ನೆನೆಸಿದ ಕೆಂಪು ಕೋಸು ಅಥವಾ ಬೀಟ್‌ರೂಟ್, ಬೆಣ್ಣೆ ಸವರಿದ ಬ್ರೆಡ್ಡು. ಹಡಗಿನವರ ಊಟ ಇದು. ಮೊದಲಿನ ಹೆಸರು ಲಾಬ್‌ಸ್ಕೌಸ್. ಉಪ್ಪು ಹಾಕಿಟ್ಟ ಮಾಂಸ, ಕಲ್ಲಿನಂತಹ ಹಡಗಿನ ಬಿಸ್ಕತ್ತು ಸೇರಿಸಿ ಬೇಯಿಸುತ್ತಿದ್ದರು. ಹ್ಯಾಂಬರ್ಗ್‌ನಲ್ಲಿ ಲಾಬ್ಸ್‌ಕೌಸ್, ನಾರ್ವೆಯಲ್ಲಿ ಲಾಪ್ಸ್‌ಕೌಸ್ ಅಂತ ಇವತ್ತಿಗೂ ತಿನ್ನುತ್ತಾರೆ. ಲಿವರ್‌ಪೂಲ್‌ನಲ್ಲಿ ಅದು ಬಡವರ ಪಾತ್ರೆ ಸೇರಿತು. 1797ರಲ್ಲಿ ಅಚ್ಚಾದ ಒಂದು ವರದಿಯಲ್ಲಿ ಇಲ್ಲಿನ ಬಡವರ ಆಶ್ರಮಕ್ಕೆ ಸ್ಕೌಸ್ ಮಾಡಲು ಮಾಂಸ, ಆಲೂಗಡ್ಡೆ ಕೊಂಡ ಲೆಕ್ಕ ಇದೆ. ಅದನ್ನು ತಿನ್ನುವವರು ಸ್ಕೌಸರ್ ಆದರು, ಅವರು ಆಡುವ ಮಾತೂ ಸ್ಕೌಸ್ ಆಯಿತು. ಹೊರಗಿನವರು ಹಿಂದೆ ಹೀಯಾಳಿಸಿ ಕರೆದದ್ದೂ ಉಂಟು. ಈಗ ಇವರಿಗೆ ಅದು ಹೆಮ್ಮೆ, ಆದ್ದರಿಂದ ಧೈರ್ಯವಾಗಿ ಅನ್ನು. ನದಿಯಾಚೆ ಬರ್ಕನ್‌ಹೆಡ್‌ನವರನ್ನು ಮಾತ್ರ ಇವರ ಮುಂದೆ ಸ್ಕೌಸರ್ ಅನ್ನಬೇಡ, ಅರ್ಧ ಗಂಟೆ ಜಗಳ ಕೇಳಬೇಕಾಗುತ್ತೆ.

ಅಂದಹಾಗೆ ನಾವು ಗದಗ-ಧಾರವಾಡದವರು ಈ ಊರಿಗೆ ಹೊಸಬರೇನಲ್ಲ. 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಆಗಿ ಅಲ್ಲಿನ ಹತ್ತಿ ನಿಂತಾಗ, ನಮ್ಮ ಕಡೆಯ ಹತ್ತಿ ಇದೇ ಬಂದರಿಗೆ ಬರುತ್ತಿತ್ತು. ಇಲ್ಲಿಯವರಿಗೆ ಇದನ್ನು ಹೇಳು, ಖುಷಿಪಡುತ್ತಾರೆ.

ಇನ್ನು ನಿನ್ನ ಬ್ಲೈಂಡ್. ಮಾಂಸ ಕೊಳ್ಳಲು ಕಾಸಿಲ್ಲದ ವಾರ ಬರೀ ತರಕಾರಿ ಹಾಕಿ ಮಾಡುತ್ತಿದ್ದದ್ದು ಬ್ಲೈಂಡ್ ಸ್ಕೌಸ್. ಕೇಳಿದರೆ ಮಾಂಸ ತಿನ್ನದ ನಮಗಾಗಿಯೇ ಮಾಡಿದ ಹಾಗಿದೆ, ಅಲ್ವಾ? ನಾನೂ ಹಾಗೇ ಅಂದುಕೊಂಡೆ. ನಾನು ಬಂದ ಹೊಸತು, ಹೊರಗೆ ನಾಲ್ಕು ಗಂಟೆಗೆಲ್ಲ ಕತ್ತಲು ಕವಿಯುವ ಕಾಲ. ಒಂದು ಕ್ಯಾಂಟೀನಿನಲ್ಲಿ "ಮಾಂಸ ಇಲ್ವಾ?" ಅಂತ ಕೇಳಿದೆ. "ಇಲ್ಲ ಲವ್, ಬ್ಲೈಂಡ್ ಇದು" ಅಂದಳು ಬಡಿಸುವಾಕೆ. ಬಿಸಿಬಿಸಿ ಇತ್ತು, ಹೊಟ್ಟೆ ತುಂಬ ತಿಂದೆ. ಆಮೇಲೆ ಪಕ್ಕದಲ್ಲಿ ಕೂತವರು ಹೇಳಿದರು, ರುಚಿಗೆ ಕುರಿ ಎಲುಬು ಕುದಿಸಿದ ನೀರು ಹಾಕಿದ್ದಾರೆ ಅಂತ. ಆಕೆ ಸುಳ್ಳು ಹೇಳಿರಲಿಲ್ಲ. ಮಾಂಸದ ಚೂರು ಇಲ್ಲ ಅಂದರೆ ಆಕೆಗೆ ಮಾಂಸ ಇಲ್ಲ ಅಂತಲೇ ಅರ್ಥ.

ಆ ದಿನ ಸೋಮವಾರ ಬೇರೆ. ನಮ್ಮ ಮನೆಗಳಲ್ಲಿ ಸೋಮವಾರ ಅಂದರೆ ಏನು ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಅವ್ವನ ಫೋನು ಬಂತು. "ಏನು ಉಂಡಿ?" ಅಂದಳು. "ಆಲೂಗಡ್ಡೆ ಪಲ್ಯ, ಬ್ರೆಡ್ಡು" ಅಂದೆ. ಅವ್ವ ಈಗಲೂ ಅದೇ ಕೇಳುತ್ತಾಳೆ, ನಾನು ಈಗಲೂ ಆ ಊಟದ ಸುದ್ದಿ ಎತ್ತಿಲ್ಲ. ಎಲುಬಿನ ನೀರಿಗಿಂತ ಇದೇ ನನಗೆ ಜಾಸ್ತಿ ಚುಚ್ಚುತ್ತೆ. ಇಷ್ಟು ದೂರ ಬಂದ ಮೇಲೆ ಮನೆಯವರಿಗೆ ಅರ್ಧ ಹೇಳಿ ಅರ್ಧ ಬಿಡುವುದು ರೂಢಿಯಾಗಿಬಿಡುತ್ತೆ. ನೀನು ಶುರು ಮಾಡಬೇಡ.

ಅದಕ್ಕೇ "ಮಾಂಸ ಇದೆಯಾ" ಅಂತ ಕೇಳಬೇಡ. ಸ್ಟಾಕ್, ಅಂದರೆ ರುಚಿಗೆ ಕುದಿಸಿ ಹಾಕಿದ ನೀರು, ಯಾವುದು, ತರಕಾರಿಯದಾ ಅಂತ ಕೇಳು. ಗೋಡೆಗೆ ಅಂಟಿಸಿದ ಅಲರ್ಜಿ ಪಟ್ಟಿ ನೋಡಿ ಸಮಾಧಾನ ಪಡಬೇಡ. ಕಾನೂನು ಹೇಳಲೇಬೇಕು ಅನ್ನುವ 14 ಪದಾರ್ಥಗಳಲ್ಲಿ ಮೀನಿದೆ, ಸೆಲರಿ ಇದೆ, ದನ-ಕುರಿ ಇಲ್ಲ. ಮೇಲೆ ಕಡುಗಂದು ವೂಸ್ಟರ್ ಸಾಸ್ ಚಿಮುಕಿಸುತ್ತಾರೆ, ಸಾಮಾನ್ಯವಾಗಿ ಅದರಲ್ಲಿ ಆಂಚೋವಿ ಅನ್ನುವ ಸಣ್ಣ ಮೀನು ಇರುತ್ತೆ. ಸ್ಕೌಸ್ ಪೈ ಕೊಟ್ಟರೆ ಹೊರಗಿನ ಹಿಟ್ಟಿಗೆ ಯಾವ ಕೊಬ್ಬು ಅಂತ ವಿಚಾರಿಸು, ಸೂಯೆಟ್ ಅಂದರೆ ಸಾಮಾನ್ಯವಾಗಿ ದನದ ಕೊಬ್ಬು. ಕೇಳಲು ಸಂಕೋಚ ಬೇಡ, ಯಾರೂ ತಪ್ಪು ತಿಳಿಯುವುದಿಲ್ಲ. ನಮ್ಮಲ್ಲಿ ಮನೆಗೊಂದು ಹುಳಿ ಇರುವ ಹಾಗೆ ಇವರಲ್ಲೂ ಮನೆಗೊಂದು ಸ್ಕೌಸ್. ಕೇಳಿದರೆ ಅವರ ಅಜ್ಜಿಯ ತನಕ ಕಥೆ ಹೇಳುತ್ತಾರೆ. ಕೆಲವು ವರ್ಷ 28ರ ಆಸುಪಾಸಿನಲ್ಲೇ ಶಿವರಾತ್ರಿ ಬರುತ್ತೆ. ಉಪವಾಸ ಅಂದರೆ ಸಾಕು, ಒತ್ತಾಯ ಮಾಡುವುದಿಲ್ಲ.

ಇಂಗ್ಲಿಷಿನ ವಿಷಯ: ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದಿರಲಿ, ಮೊದಲ ವಾರ ಕಿವಿಗೆ ಏನೂ ಹತ್ತುವುದಿಲ್ಲ. ಪೇಷಂಟು "ಮೇಡ್ ಅಪ್" ಅಂದರೆ ತುಂಬಾ ಖುಷಿಯಾಗಿದೆ ಅಂತ. "ಸೌಂಡ್" ಅಂದರೆ ಸರಿ. "ಸ್ಕ್ರಾನ್" ಅಂದರೆ ಊಟ. ವಯಸ್ಸಾದವರು ನಿನ್ನನ್ನು "ಕ್ವೀನ್" ಅಂದರೆ ಗೇಲಿಯಲ್ಲ, ನಮ್ಮ "ಅವ್ವಾ, ತಂಗೀ" ಅನ್ನುವಷ್ಟೇ ಪ್ರೀತಿ. "ಟೀಗೆ ಬಾ" ಅಂತ ಕರೆದರೆ ಚಹಾ-ಬಿಸ್ಕತ್ತು ಅಂದುಕೊಂಡು ಮನೆಯಲ್ಲಿ ಉಂಡು ಹೋಗಬೇಡ. ಅದು ಸಂಜೆಯ ಊಟ, ಐದಾರು ಗಂಟೆಗೇ ಬಡಿಸುತ್ತಾರೆ. ಔಷಧಿ, ನೋವಿನ ಮಾತು ಬಂದಾಗ ಅರ್ಥವಾಗದಿದ್ದರೆ ಮತ್ತೆ ಮತ್ತೆ ಕೇಳು, ಸುಮ್ನೆ ತಲೆ ಆಡಿಸಬೇಡ.

ಕುಕ್ಕರ್ ಕೊಳ್ಳಬೇಡ. ನನ್ನ ಹತ್ತಿರ ಎರಡಿವೆ, ಭಾನುವಾರ ಬಂದು ಒಂದು ಒಯ್ಯಿ. ಎಲುಬಿನ ನೀರಿಲ್ಲದ ಬ್ಲೈಂಡ್ ಸ್ಕೌಸ್ ಮಾಡಿರುತ್ತೇನೆ, ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು ತಿನ್ನೋಣ. ಗ್ಯಾಸ್ಕೆಟ್ ಮಾತ್ರ ಹಳೆಯದು, ಊರಿಂದ ಯಾರಾದರೂ ಬರುವವರಿದ್ದರೆ ಐದು ಲೀಟರಿನದು ಎರಡು ತರಿಸು, ನನಗೂ ಒಂದು ಬೇಕು.